ತಲೆಕೆಳಗಾಗುವ ಮುನ್ನ: ರೋಲರ್ ಕೋಸ್ಟರ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಬಿಡದಿಯ ವಂಡರ್‌ಲಾ ಕಡೆ ಹೊರಡುವವರ ಪತ್ರಗಳು ರಾಶಿ ಬಿದ್ದಿವೆ. ಟಿಕೆಟ್ ದರ ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅದು ವಾರದ ದಿನಕ್ಕೊಂದು, ರಜಾದಿನಕ್ಕೊಂದು. ಹೊರಡುವ ಹಿಂದಿನ ರಾತ್ರಿ ಪಾರ್ಕಿನ ಜಾಲತಾಣ ನೋಡುವುದೇ ಸರಿ. ಉಳಿದ ಪ್ರಶ್ನೆಗಳಲ್ಲಿ ಒಂದೇ ಅರ್ಥದವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ನಾವು ಆರು ಜನ: ಗಂಡ ಹೆಂಡತಿ, 7 ಮತ್ತು 12 ವರ್ಷದ ಮಕ್ಕಳು, ನಾದಿನಿ, 65 ದಾಟಿದ ಅತ್ತೆ. ಒಂದೇ ದಿನದಲ್ಲಿ ಎಲ್ಲ ರೈಡ್ ಮುಗಿಯುತ್ತದೆಯೇ? ಯಾವುದರಿಂದ ಶುರು ಮಾಡಬೇಕು?
— ಗೃಹಿಣಿ, ಮಂಡ್ಯ

ಮುಗಿಯುವುದಿಲ್ಲ. ಮುಗಿಸುತ್ತೇವೆಂದು ಹೊರಟವರೇ ಸಂಜೆ ಮುಖ ಊದಿಸಿಕೊಂಡು ಬರುವುದು. ಲೆಕ್ಕ ಹಾಕಿ ನೋಡಿ. ಸಾಮಾನ್ಯ ದಿನದಲ್ಲಿ ಪಾರ್ಕ್ ತೆರೆದಿರುವುದು ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ, ಅಂದರೆ 420 ನಿಮಿಷ. ಊಟಕ್ಕೆ 45, ನೀರಿಗಿಳಿಯುವ ಮುನ್ನ ಮತ್ತು ಮೇಲೆ ಬಂದಮೇಲೆ ಬಟ್ಟೆ ಬದಲಿಸಿ ಲಾಕರ್‌ಗೆ ಓಡಾಡಲು 40, ಶೌಚಾಲಯ, ಐಸ್‌ಕ್ರೀಮು, ಕಳೆದುಹೋದ ಚಪ್ಪಲಿ ಇವಕ್ಕೆಲ್ಲ ಇನ್ನೊಂದು 35. ಉಳಿಯುವುದು 300 ನಿಮಿಷ. ವಾರದ ಮಧ್ಯದಲ್ಲಿ ಒಂದು ರೈಡಿಗೆ ಸರದಿಯೂ ಸೇರಿ 20 ನಿಮಿಷವೆಂದರೆ ಹದಿನೈದು ರೈಡ್. ಭಾನುವಾರವಾದರೆ ಏಳೆಂಟು. ಅಲ್ಲಿರುವುದು ಅರವತ್ತಕ್ಕೂ ಹೆಚ್ಚು. ಆದ್ದರಿಂದ ಮನೆಯಲ್ಲೇ ಕುಳಿತು ಪ್ರತಿಯೊಬ್ಬರೂ 'ಇದು ಬೇಕೇ ಬೇಕು' ಎನ್ನುವ ಎರಡೆರಡನ್ನು ಆರಿಸಿ. ಅವು ಆದಮೇಲೆ ಸಿಕ್ಕಿದ್ದೆಲ್ಲ ಲಾಭ.

ಶುರು ಮಾಡಬೇಕಾದ್ದು ರೋಲರ್ ಕೋಸ್ಟರ್‌ನಿಂದ. ಅದರ ಕಾರಣ ತಿಳಿದುಕೊಂಡರೆ ಬೇರೆ ಪಾರ್ಕಿನಲ್ಲೂ ಉಪಯೋಗಕ್ಕೆ ಬರುತ್ತದೆ. ವಂಡರ್‌ಲಾದ ರಿಕಾಯಿಲ್ 'ಬೂಮರಾಂಗ್' ಎಂಬ ಮಾದರಿಯದು. ಹಳಿ ಸುತ್ತು ಹಾಕಿ ನಿಲ್ದಾಣಕ್ಕೆ ಮರಳುವುದಿಲ್ಲ. ಹೋದ ದಾರಿಯಲ್ಲೇ ರೈಲು ಹಿಮ್ಮುಖವಾಗಿ ವಾಪಸು ಬರುತ್ತದೆ. ಹಾಗಾಗಿ ಒಂದು ಹಳಿಗೆ ಒಂದೇ ರೈಲು. ಸುತ್ತುಹಳಿಯ ಕೋಸ್ಟರ್‌ನಲ್ಲಿ ಒಂದು ರೈಲು ಓಡುವಾಗ ಇನ್ನೊಂದಕ್ಕೆ ಜನ ಹತ್ತುತ್ತಿರುತ್ತಾರೆ. ಇಲ್ಲಿ ಆ ಸೌಲಭ್ಯವಿಲ್ಲ. ಈ ಮಾದರಿಯ ರೈಲಿನಲ್ಲಿ ಸಾಮಾನ್ಯವಾಗಿ 28 ಸೀಟು. ಹತ್ತಿಸಿ, ಬಿಗಿದು, ಪರೀಕ್ಷಿಸಿ, ಓಡಿಸಿ, ಇಳಿಸಲು ನಾಲ್ಕು ನಿಮಿಷ ಹಿಡಿದರೆ ಗಂಟೆಗೆ ಸಾಗುವುದು 420 ಜನ. ನಿಮ್ಮ ಮುಂದಿರುವ ತಲೆಗಳನ್ನು ಸುಮಾರಾಗಿ ಎಣಿಸಿ, 28ರಿಂದ ಭಾಗಿಸಿ, ನಾಲ್ಕರಿಂದ ಗುಣಿಸಿ. 280 ಜನ ಇದ್ದರೆ 40 ನಿಮಿಷ. ಬಾಗಿಲು ತೆರೆದ ಮೊದಲ ಅರ್ಧ ಗಂಟೆ ಬಿಟ್ಟರೆ ದಿನವಿಡೀ ಈ ಸಂಖ್ಯೆ ಇಳಿಯುವುದು ಕಷ್ಟ. ದುಡ್ಡು ಕೊಟ್ಟು ಸರದಿ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಶನಿವಾರ, ಭಾನುವಾರಕ್ಕೆ ಮಾತ್ರ ಲಾಭ. ಮಂಗಳವಾರಕ್ಕೆ ಕೊಂಡರೆ ದಂಡ.

ಕೋಸ್ಟರ್ ಆದಮೇಲೆ ಉಳಿದ ಒಣ ರೈಡುಗಳು. ಊಟ ಹನ್ನೆರಡೂವರೆಗೆ ಮುಂಚೆ. ಒಂದೂವರೆಗೆ ಎಲ್ಲರೂ ಊಟಕ್ಕೆ ನುಗ್ಗಿದಾಗ ನೀವು ನೀರಿನ ಕಡೆ ಹೋಗಿ. ನೀರಿನ ವಿಭಾಗ ಒಣ ರೈಡುಗಳಿಗಿಂತ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಸಮಯವನ್ನು ಒಳಗೆ ಬಂದ ಕೂಡಲೇ ಫಲಕದಲ್ಲಿ ನೋಡಿಕೊಳ್ಳಿ. ನೀರಿನಿಂದ ಎದ್ದಮೇಲೆ ಒದ್ದೆ ಮೈಯಲ್ಲಿ ಒಣ ರೈಡಿಗೆ ಬಿಡುವುದಿಲ್ಲ. ಹಾಗಾಗಿ ಹಿಂದೆ ಮುಂದೆ ಓಡಾಡುವ ಯೋಜನೆ ಬೇಡ, ಒಮ್ಮೆ ಮಾತ್ರ ಬಟ್ಟೆ ಬದಲಿಸಿ.

ಅತ್ತೆಯವರನ್ನು ಚೀಲ ಕಾಯಲು ಕೂರಿಸಿ ಹೋಗುವುದು ನಮ್ಮಲ್ಲಿ ವಾಡಿಕೆ. ಚೀಲಕ್ಕೆ ಲಾಕರ್ ಇದೆ. ಅವರನ್ನು ಸ್ಕೈ ವೀಲ್ ಎಂಬ ದೊಡ್ಡ ತೊಟ್ಟಿಲಿಗೆ, ಮಕ್ಕಳ ಸಣ್ಣ ರೈಲಿಗೆ ಕರೆದೊಯ್ಯಿರಿ.

ನಮ್ಮ ಮಗ 118 ಸೆಂ.ಮೀ. ಇದ್ದಾನೆ. ಧೈರ್ಯವಂತ. ದಪ್ಪ ಸೋಲ್‌ನ ಶೂ ಹಾಕಿಸಿದರೆ ಬಿಡುತ್ತಾರೆಯೇ?
— ಶಿವಮೊಗ್ಗದಿಂದ ಒಬ್ಬ ತಂದೆ

ಬಿಟ್ಟರೂ ನೀವು ಬಿಡಬೇಡಿ. ಎತ್ತರದ ಗೆರೆ ಧೈರ್ಯ ಅಳೆಯಲು ಎಳೆದದ್ದಲ್ಲ. ತಲೆಕೆಳಗಾಗುವ ಕೋಸ್ಟರ್‌ನಲ್ಲಿ ಭುಜದ ಮೇಲಿಂದ ಇಳಿದು ಎದೆಗೆ ಅಪ್ಪುವ ಹಾರ್ನೆಸ್ ಇರುತ್ತದೆ. ಅದು ಭುಜ, ಎದೆ, ಸೊಂಟ ಮೂರಕ್ಕೂ ಕೂಡಿದರೆ ಮಾತ್ರ ಮನುಷ್ಯ ಸೀಟಿನಲ್ಲಿ ಅಲುಗದೆ ಕೂರುತ್ತಾನೆ. ಗಿಡ್ಡ ಮಗುವಿನ ಭುಜಕ್ಕೂ ಹಾರ್ನೆಸ್‌ಗೂ ನಡುವೆ ನಾಲ್ಕು ಬೆರಳು ಸಂದಿ ಉಳಿಯುತ್ತದೆ. ರೈಲು ಪಕ್ಕಕ್ಕೆ ಎಳೆದಾಗ ಆ ಸಂದಿಯಲ್ಲಿ ಮೈ ಜಾರುತ್ತದೆ, ಮುಖವೋ ಕಿವಿಯೋ ಪ್ಯಾಡಿಗೆ ಬಡಿಯುತ್ತದೆ. ಜೊತೆಗೆ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತಿನ ಸ್ನಾಯು ಎಳೆಯದು. ಶೂವಿನ ಸೋಲ್ ಕಾಲನ್ನು ಎತ್ತರಿಸುತ್ತದೆ, ಭುಜವನ್ನು ಸೀಟಿನಿಂದ ಎತ್ತರಿಸುವುದಿಲ್ಲ.

ದೊಡ್ಡ ಕೋಸ್ಟರ್‌ಗಳು ಸಾಮಾನ್ಯವಾಗಿ 120ರಿಂದ 140 ಸೆಂ.ಮೀ. ನಡುವೆ ಎಲ್ಲೋ ಒಂದು ಗೆರೆ ಎಳೆಯುತ್ತವೆ. ಮನೆಯಲ್ಲೇ ಬರಿಗಾಲಲ್ಲಿ ಗೋಡೆಗೆ ಒರಗಿಸಿ, ತಲೆಯ ಮೇಲೆ ಪುಸ್ತಕ ಚಪ್ಪಟೆಯಾಗಿ ಇಟ್ಟು ಗುರುತು ಹಾಕಿ ಅಳೆದು, 'ಇದಕ್ಕೆ ಬಿಡುತ್ತಾರೆ, ಇದಕ್ಕೆ ಬಿಡುವುದಿಲ್ಲ' ಎಂದು ಮೊದಲೇ ಹೇಳಿಬಿಡಿ. ಸರದಿಯಲ್ಲಿ ಮುಕ್ಕಾಲು ಗಂಟೆ ನಿಂತು ಬಾಗಿಲಲ್ಲಿ ವಾಪಸಾದ ಮಗುವಿನ ಅಳು ಆ ದಿನವನ್ನೇ ನುಂಗುತ್ತದೆ. ಅಂದಹಾಗೆ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟೂ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ: 85 ಸೆಂ.ಮೀ. ಒಳಗಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ದರ, ಅದಕ್ಕೆ ಮೇಲ್ಪಟ್ಟರೆ ಎಂಟನೇ ಕ್ಲಾಸಿನ ಹುಡುಗನೂ ದೊಡ್ಡವನೇ.

ಲೂಪಿನ ತುದಿಯಲ್ಲಿ ತಲೆಕೆಳಗಾದಾಗ ಬೀಳದಿರುವುದು ಬೆಲ್ಟಿನಿಂದಲೋ ವೇಗದಿಂದಲೋ? ಲೂಪ್ ಸರಿಯಾದ ವೃತ್ತವಾಗಿರದೆ ಮೊಟ್ಟೆಯಂತೆ ಯಾಕಿರುತ್ತದೆ?
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಒಳ್ಳೆಯ ಪ್ರಶ್ನೆ. ಎರಡಕ್ಕೂ ಒಂದೇ ಲೆಕ್ಕದಲ್ಲಿ ಉತ್ತರವಿದೆ. ಲೂಪ್ ಪೂರ್ತಿ ವೃತ್ತವಾಗಿದೆ ಎಂದುಕೊಳ್ಳಿ, ತ್ರಿಜ್ಯ r, ಗುರುತ್ವದ ವೇಗೋತ್ಕರ್ಷ g. ತುದಿಯಲ್ಲಿ ಸೀಟಿನಿಂದ ಕಳಚದಿರಲು ಕನಿಷ್ಠ ವೇಗದ ವರ್ಗ gr ಇರಬೇಕು. ತುದಿಯಿಂದ ಬುಡಕ್ಕೆ 2r ಇಳಿದಾಗ ವೇಗದ ವರ್ಗ 5gr ಆಗುತ್ತದೆ. ಬುಡದಲ್ಲಿ ತಿರುವಿನಿಂದ ಮೈಗೆ ತಟ್ಟುವ ಭಾರ ನಮ್ಮ ತೂಕದ ಐದು ಪಟ್ಟು, ಜೊತೆಗೆ ನಮ್ಮ ಸ್ವಂತ ಭಾರದ ಒಂದು ಪಟ್ಟು, ಒಟ್ಟು ಆರು ಜಿ (ಒಂದು ಜಿ ಎಂದರೆ ನಮ್ಮ ಮಾಮೂಲಿ ತೂಕದಷ್ಟು ಭಾರ). ವೃತ್ತ ದೊಡ್ಡದಿರಲಿ ಚಿಕ್ಕದಿರಲಿ, ಈ ಆರು ತಪ್ಪಿದ್ದಲ್ಲ. ಅದೂ ನೇರ ಹಳಿಯಿಂದ ವೃತ್ತಕ್ಕೆ ಕಾಲಿಟ್ಟ ಕ್ಷಣದಲ್ಲೇ ಒಂದರಿಂದ ಆರಕ್ಕೆ ಜಿಗಿಯುತ್ತದೆ. ಅಮೆರಿಕದ ಕೋನಿ ದ್ವೀಪದಲ್ಲಿ 1895ರಲ್ಲಿ ಕಟ್ಟಿದ ಫ್ಲಿಪ್ ಫ್ಲಾಪ್ ರೈಲ್ವೆ ಇಂಥದೇ ವೃತ್ತದ ಲೂಪ್. ಕುಳಿತವರ ಕತ್ತು ನೋಯಿಸಿದ್ದರಿಂದಲೇ ಅದು ಹೆಸರುವಾಸಿಯಾಯಿತು, ಹೆಚ್ಚು ಕಾಲ ಬಾಳಲಿಲ್ಲ.

ದಾರಿ ತೋರಿಸಿದ್ದು ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗಲ್. ಅವರು ಆಂಟನ್ ಶ್ವಾರ್ಜ್‌ಕೋಫ್ ಜೊತೆ ಸೇರಿ ಮಾಡಿದ, 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಶುರುವಾದ ಕೋಸ್ಟರ್‌ನಲ್ಲಿ ಲೂಪಿಗೆ ಕ್ಲೋಥಾಯ್ಡ್ ಎಂಬ ವಕ್ರರೇಖೆ ಬಳಸಿದರು. ಇದರಲ್ಲಿ ತಿರುವು ಕ್ರಮೇಣ ಬಿಗಿಯಾಗುತ್ತದೆ: ಬುಡದಲ್ಲಿ ತ್ರಿಜ್ಯ ದೊಡ್ಡದು, ತುದಿಯಲ್ಲಿ ಚಿಕ್ಕದು. ರೈಲು ಹಳಿಯನ್ನೂ ಹೆದ್ದಾರಿಯನ್ನೂ ನೇರದಿಂದ ತಿರುವಿಗೆ ಇಳಿಸುವಾಗ ಸಿವಿಲ್ ಎಂಜಿನಿಯರುಗಳು ಹಾಕುವ ರೇಖೆ ಇದೇ.

ಒಂದು ಮಾದರಿ ಲೆಕ್ಕ ಮಾಡಿ ನೋಡಿ. ಬುಡದಲ್ಲಿ ಸೆಕೆಂಡಿಗೆ 21 ಮೀಟರ್, ಅಂದರೆ ಗಂಟೆಗೆ ಸುಮಾರು 75 ಕಿ.ಮೀ. ವೇಗ, ಬುಡದ ತ್ರಿಜ್ಯ 15 ಮೀ., ತುದಿಯ ತ್ರಿಜ್ಯ 6 ಮೀ., ಲೂಪಿನ ಎತ್ತರ 15 ಮೀ. ಬುಡದಲ್ಲಿ 441ನ್ನು 15ರಿಂದ ಭಾಗಿಸಿದರೆ 29.4, ಅಂದರೆ ಮೂರು ಜಿ. ಸ್ವಂತ ಭಾರದ ಒಂದು ಕೂಡಿದರೆ ನಾಲ್ಕು. ಅರವತ್ತು ಕಿಲೋದವರಿಗೆ ಆ ಕ್ಷಣ 240 ಕಿಲೋ ಆದಂತೆ ಅನಿಸುತ್ತದೆ. ತುದಿಯಲ್ಲಿ ವೇಗದ ವರ್ಗ 441ರಿಂದ 294 ಕಳೆದು 147. ಆರರಿಂದ ಭಾಗಿಸಿದರೆ 24.5, ಎರಡೂವರೆ ಜಿ. ಅದರಲ್ಲಿ ಒಂದು ಕಳೆದು ಒಂದೂವರೆ. ಮನೆಯ ಸೋಫಾದಲ್ಲಿ ಕುಳಿತದ್ದಕ್ಕಿಂತ ಒಂದೂವರೆ ಪಟ್ಟು ಜೋರಾಗಿ, ತಲೆಕೆಳಗಾಗಿದ್ದಾಗಲೇ, ನೀವು ಸೀಟಿಗೆ ಒತ್ತಿಕೊಂಡಿರುತ್ತೀರಿ. ಹಾಗಾದರೆ ಹಾರ್ನೆಸ್ ಯಾತಕ್ಕೆ? ರೈಲು ಯಾವ ಕಾರಣಕ್ಕಾದರೂ ನಿಧಾನವಾದರೆ, ಬ್ರೇಕ್ ಹಿಡಿದರೆ, ಪಕ್ಕಕ್ಕೆ ಹೊರಳಿದರೆ ಎಂದು.

ಆದರೆ ರೈಲು ಹಳಿಯಿಂದ ಹಾರದಿರುವುದು ವೇಗದ ಪುಣ್ಯವಲ್ಲ. ನಿಲ್ದಾಣದಲ್ಲಿ ರೈಲಿನ ಪಕ್ಕ ಬಗ್ಗಿ ನೋಡಿ: ಕೊಳವೆಯಾಕಾರದ ಹಳಿಯ ಮೇಲೊಂದು ಗಾಲಿ, ಪಕ್ಕಕ್ಕೊಂದು, ಅಡಿಯಲ್ಲೊಂದು. ಮೂರು ಕಡೆಯಿಂದ ಹಳಿಯನ್ನು ಮುಷ್ಟಿಯಲ್ಲಿ ಹಿಡಿದಂತೆ ಹಿಡಿದಿರುತ್ತವೆ. ಅಡಿಯ ಗಾಲಿಗೆ 1919ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಜಾನ್ ಮಿಲ್ಲರ್. ಅದಿಲ್ಲದಿದ್ದರೆ ಇಂದಿನ ಯಾವ ದೊಡ್ಡ ಕೋಸ್ಟರೂ ಇಲ್ಲ.

ಓಡುತ್ತಿರುವಾಗ ಕರೆಂಟ್ ಹೋದರೆ? ಮೇಲೆ ಸಿಕ್ಕಿಕೊಂಡರೆ?
— ಬಳ್ಳಾರಿ, ಕಲಬುರಗಿ, ಚಿತ್ರದುರ್ಗದಿಂದ ಬಂದ ಐದು ಪತ್ರಗಳ ಸಾರ

ಓಡುತ್ತಿರುವ ರೈಲಿಗೆ ಕರೆಂಟೇ ಬೇಕಿಲ್ಲ. ಅದರಲ್ಲಿ ಎಂಜಿನ್ ಇಲ್ಲ. ಮೋಟರ್ ಅದನ್ನು ಮೇಲಕ್ಕೆ ಎಳೆದು ಬಿಟ್ಟಮೇಲೆ ಉಳಿದದ್ದೆಲ್ಲ ಎತ್ತರ ವೇಗವಾಗುವ, ವೇಗ ಎತ್ತರವಾಗುವ ಆಟ. ಕರೆಂಟ್ ಹೋದರೆ ಎರಡು ಕಡೆ ಮಾತ್ರ ಪರಿಣಾಮ: ಮೇಲಕ್ಕೆ ಎಳೆಯುವ ಏರಿನಲ್ಲಿ ಮತ್ತು ಬ್ರೇಕಿನಲ್ಲಿ.

ಏರಿನಲ್ಲಿ ರೈಲು ಅಲ್ಲೇ ನಿಲ್ಲುತ್ತದೆ. ಸರಪಳಿ ಎಳೆಯುವ ಕೋಸ್ಟರ್‌ನಲ್ಲಿ ಹತ್ತುವಾಗ ಕೇಳುವ 'ಟಕ್ ಟಕ್ ಟಕ್' ಸದ್ದು ಸರಪಳಿಯದಲ್ಲ. ರೈಲಿನ ಅಡಿಯಲ್ಲಿರುವ ಉಕ್ಕಿನ ನಾಲಿಗೆ ಹಳಿಯ ನಡುವಿನ ಗರಗಸದ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು. ಸರಪಳಿ ಹರಿದರೂ ರೈಲು ಒಂದು ಹಲ್ಲಿನಷ್ಟು ಮಾತ್ರ ಹಿಂದೆ ಸರಿದು ಕಚ್ಚಿಕೊಳ್ಳುತ್ತದೆ. ಬಾವಿಯ ರಾಟೆ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆಯನ್ನು ಕಂಡವರಿಗೆ ಇದು ಹೊಸದಲ್ಲ.

ಬ್ರೇಕ್ ನಮ್ಮ ಊಹೆಗೆ ತಿರುಗುಮುರುಗು. ಕಾರಿನಲ್ಲಿ ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ಇಲ್ಲಿ ಸ್ಪ್ರಿಂಗ್ ಸದಾ ಹಿಡಿದೇ ಇರುತ್ತದೆ, ಗಾಳಿಯ ಒತ್ತಡ ಕೊಟ್ಟಾಗ ಮಾತ್ರ ಬಿಡುತ್ತದೆ. ಕರೆಂಟ್ ಹೋಗಿ ಗಾಳಿ ಇಳಿದರೆ ಬ್ರೇಕ್ ಬೀಳುತ್ತದೆ. ಹಲವು ಹೊಸ ಕೋಸ್ಟರ್‌ಗಳಲ್ಲಿ ಅಯಸ್ಕಾಂತದ ಬ್ರೇಕೂ ಇದೆ: ತಾಮ್ರದ ಪಟ್ಟಿ ಅಯಸ್ಕಾಂತಗಳ ನಡುವೆ ಹಾಯುವಾಗ ಹುಟ್ಟುವ ಸುಳಿ ವಿದ್ಯುತ್ತೇ ರೈಲನ್ನು ತಡೆಯುತ್ತದೆ. ಅದಕ್ಕೆ ಹೊರಗಿನ ಕರೆಂಟೂ ಬೇಡ, ಸವೆಯುವ ಪ್ಯಾಡೂ ಇಲ್ಲ. ಆದರೆ ಅದು ನಿಧಾನಿಸಬಲ್ಲದು, ಪೂರ್ತಿ ನಿಲ್ಲಿಸಲಾರದು. ಆ ಕೊನೆಯ ಹಿಡಿತಕ್ಕೆ ಸ್ಪ್ರಿಂಗೇ ಬೇಕು.

ಕೋಸ್ಟರ್ ನಡುವೆ ನಿಂತ ಸುದ್ದಿಗಳಲ್ಲಿ ಹೆಚ್ಚಿನವು ಈ ಕಾವಲು ವ್ಯವಸ್ಥೆ ತನ್ನ ಕೆಲಸ ಮಾಡಿದ ಸುದ್ದಿಗಳು. ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ ಒಂದು ತುಂಡಿನಲ್ಲಿ ಒಂದೇ ರೈಲು ಇರುವಂತೆ ಕಂಪ್ಯೂಟರ್ ಕಾಯುತ್ತದೆ. ಸೆನ್ಸರ್ ಒಂದು ಹೇಳಬೇಕಾದ ಹೊತ್ತಿಗೆ 'ರೈಲು ದಾಟಿತು' ಎಂದು ಹೇಳದಿದ್ದರೆ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಆಗ ನೀವು ಮಾಡಬೇಕಾದ್ದು ಇಷ್ಟೇ: ತಲೆಯನ್ನು ಸೀಟಿಗೆ ಒರಗಿಸಿ ಸುಮ್ಮನೆ ಕೂರಿ, ಹಾರ್ನೆಸ್ ಅಲುಗಿಸಬೇಡಿ, ಪಕ್ಕದವರನ್ನು ಮಾತಾಡಿಸಿ. ಏರಿನ ಪಕ್ಕದಲ್ಲಿ ಮೆಟ್ಟಿಲಿದ್ದರೆ ಸಿಬ್ಬಂದಿ ಬಂದು ಒಂದೊಂದು ಸಾಲಿನ ಬೀಗ ತೆಗೆದು ಇಳಿಸುತ್ತಾರೆ. ಅವರು ಕೈ ಹಿಡಿಯುವ ಮುನ್ನ ಏಳಬಾರದು. ಇಂಥ ಹೊತ್ತಿನಲ್ಲಿ ನಿಜವಾದ ಅಪಾಯ ಇರುವುದು ತಾನೇ ಇಳಿಯಲು ಹೋಗುವವರಿಗೆ.

ಯಾವ ಸೀಟು ಒಳ್ಳೆಯದು? ಮುಂದೋ ಹಿಂದೋ? ಇಳಿದಮೇಲೆ ಕಿವಿ, ಕೆನ್ನೆ ನೋಯುತ್ತದೆ ಎನ್ನುತ್ತಾರಲ್ಲ?
— ಕಾಲೇಜು ಗೆಳೆಯರ ಗುಂಪು, ದಾವಣಗೆರೆ

ಸಾಮಾನ್ಯ ಸುತ್ತುಹಳಿಯ ಕೋಸ್ಟರ್‌ನಲ್ಲಿ ಹಿಂದಿನ ಸೀಟು ಖಾರ. ಮುಂದಿನ ಗಾಡಿಗಳು ಇಳಿಜಾರಿಗೆ ಬಿದ್ದಾಗಲೂ ಹಿಂದಿನದು ಇನ್ನೂ ಏರಿನಲ್ಲಿರುತ್ತದೆ. ಇಡೀ ರೈಲಿನ ಭಾರ ಅದನ್ನು ತುದಿಯಾಚೆ ಸೆಳೆದೊಯ್ಯುತ್ತದೆ, ಸೀಟಿನಿಂದ ಎದ್ದಂತಾಗುತ್ತದೆ. ಮುಂದಿನ ಸೀಟಿಗೆ ನೋಟ ಚೆಂದ, ಗಾಳಿ ಜಾಸ್ತಿ.

ಬೂಮರಾಂಗ್‌ನಲ್ಲಿ ಕಥೆಯೇ ಬೇರೆ. ನಿಲ್ದಾಣದಿಂದ ರೈಲನ್ನು ಹಿಮ್ಮುಖವಾಗಿ ಗೋಪುರಕ್ಕೆ ಎಳೆಯುತ್ತಾರೆ. ಹಿಂದಿನ ಸಾಲು ತುತ್ತತುದಿಯಲ್ಲಿ, ಎಲ್ಲರ ಮುಖವೂ ನೆಲಕ್ಕೆ. ಬಿಟ್ಟ ಕೂಡಲೇ ನಿಲ್ದಾಣವನ್ನು ಸೀಳಿಕೊಂಡು, ಕೋಬ್ರಾ ರೋಲ್ ಎಂಬ ಹಾವಿನ ಹೆಡೆಯಾಕಾರದ ತಿರುವಿನಲ್ಲಿ ಎರಡು ಸಲ, ಲೂಪಿನಲ್ಲಿ ಒಂದು ಸಲ ತಲೆಕೆಳಗಾಗಿ ಎದುರಿನ ಗೋಪುರ ಹತ್ತುತ್ತದೆ. ಅಲ್ಲಿ ಮುಂದಿನ ಸಾಲಿನವರು ತುದಿಯಲ್ಲಿ, ಮುಖ ಆಕಾಶಕ್ಕೆ. ಮತ್ತೆ ಬಿಟ್ಟರೆ ಅದೆಲ್ಲವೂ ಹಿಮ್ಮುಖವಾಗಿ. ಒಟ್ಟು ಆರು ಸಲ ತಲೆಕೆಳಗು, ಎರಡು ನಿಮಿಷದೊಳಗೆ. ಈ ಮಾದರಿಯನ್ನು ಪ್ರಪಂಚಕ್ಕೆ ಹಂಚಿದ್ದು ನೆದರ್ಲೆಂಡ್ಸ್‌ನ ವೆಕೋಮಾ ಕಂಪನಿ. ಅದರ ಮೂಲ ಅಳತೆಯಲ್ಲಿ ಎತ್ತರ 35.5 ಮೀ., ಹಳಿಯ ಉದ್ದ 285 ಮೀ., ವೇಗ ಗಂಟೆಗೆ 75 ಕಿ.ಮೀ. ಚಿಲ್ಲರೆ. ಮೊದಲ ಸಲ ಹತ್ತುವವರು ಮಧ್ಯದ ಸಾಲಿನಲ್ಲಿ ಕೂರಿ.

ಕಿವಿ ನೋಯುವುದು ಕೋಬ್ರಾ ರೋಲ್‌ನಲ್ಲಿ. ರೈಲು ಹೊರಳುವಾಗ ತಲೆ ಎಡಬಲಕ್ಕೆ ಹಾರ್ನೆಸ್ಸಿನ ಪ್ಯಾಡಿಗೆ ಬಡಿಯುತ್ತದೆ. ಉಪಾಯ: ಬೆನ್ನು ಸೀಟಿಗೆ ಪೂರ್ತಿ ಅಂಟಿಸಿ, ತಲೆಯನ್ನು ಹಿಂದಿನ ಒರಗಿಗೆ ಒತ್ತಿ ಹಿಡಿಯಿರಿ, ಗದ್ದ ಸ್ವಲ್ಪ ಎತ್ತಿ, ಹಲ್ಲು ಮೆಲ್ಲಗೆ ಕಚ್ಚಿ, ಕೈಯಲ್ಲಿ ಹಿಡಿಕೆ ಬಿಗಿ ಹಿಡಿಯಿರಿ. ಪಕ್ಕದಲ್ಲಿ ಕಿರುಚುತ್ತಿರುವ ಗೆಳೆಯನ ಮುಖ ನೋಡಲು ಕತ್ತು ತಿರುಗಿಸುವುದೇ ದೊಡ್ಡ ತಪ್ಪು. ಜುಮುಕಿ, ರಿಂಗು ಮೊದಲೇ ತೆಗೆದಿಡಿ.

ಅಮ್ಮನಿಗೆ ಬಿ.ಪಿ. ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಅಕ್ಕ ಮೂರು ತಿಂಗಳ ಗರ್ಭಿಣಿ. ನನಗೆ ಬೆನ್ನಿನ ಡಿಸ್ಕ್ ತೊಂದರೆ. ಯಾರು ಹತ್ತಬಹುದು?
— ಹಾಸನ

ಅಕ್ಕ ಹತ್ತಬಾರದು, ಮೆಲ್ಲಗಿನ ಕೋಸ್ಟರ್ ಕೂಡ ಬೇಡ. ಹಠಾತ್ತನೆ ನಿಂತಾಗ ಹೊಟ್ಟೆಗೆ ಬೀಳುವ ಒತ್ತಡವೇ ಕಾರಣ. ನೀವೂ ಹತ್ತಬೇಡಿ. ನಾಲ್ಕು ಜಿ ಎಂದರೆ ಬೆನ್ನುಮೂಳೆಯ ಮೇಲೆ ಮೈಭಾರ ನಾಲ್ಕು ಪಟ್ಟಾಗುತ್ತದೆ, ಅದೂ ತಿರುಚಿಕೊಂಡಿರುವಾಗ. ಅಮ್ಮನ ವಿಷಯವನ್ನು ಅವರ ವೈದ್ಯರು ಹೇಳಬೇಕು. ಭಯ, ಉದ್ವೇಗ ಎರಡೂ ಸೇರಿ ನಾಡಿ ಏರುತ್ತದೆ. ಬರೀ ಮಾತ್ರೆಯಲ್ಲಿ ಹತೋಟಿ ಎನ್ನುವುದು ಕುರ್ಚಿಯಲ್ಲಿ ಕುಳಿತು ಅಳೆದ ಸಂಖ್ಯೆ. ಹೃದಯದ ತೊಂದರೆ, ಮೂರ್ಛೆ ರೋಗ, ಕಣ್ಣಿನ ರೆಟಿನಾ ಚಿಕಿತ್ಸೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಆದವರೂ ಈ ಪಟ್ಟಿಯಲ್ಲೇ ಬರುತ್ತಾರೆ.

ಜಾತ್ರೆಯ ತೊಟ್ಟಿಲು ಹತ್ತಿದರೂ ನನಗೆ ವಾಂತಿ. ಖಾಲಿ ಹೊಟ್ಟೆಯಲ್ಲಿ ಹೋದರೆ ಆದೀತೆ?
— ಚಿಕ್ಕಮಗಳೂರು

ಖಾಲಿ ಹೊಟ್ಟೆ ಇನ್ನೂ ಕೆಟ್ಟದು. ರೈಡಿಗೆ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಚೂರು ಉಪ್ಪಿಟ್ಟು ಸಾಕು. ಮಸಾಲೆ ದೋಸೆ, ಬಿರಿಯಾನಿ, ಗ್ಯಾಸ್ ತುಂಬಿದ ತಂಪು ಪಾನೀಯ ಬೇಡ. ವಾಂತಿಯ ಮೂಲ ಹೊಟ್ಟೆಯಲ್ಲಿಲ್ಲ, ಕಿವಿಯೊಳಗಿದೆ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವ 'ತಿರುಗುತ್ತಿದ್ದೇನೆ' ಎನ್ನುತ್ತದೆ, ಕಣ್ಣು ಬೇರೇನೋ ಹೇಳುತ್ತದೆ, ಈ ಜಗಳದಲ್ಲಿ ಮಿದುಳು ಹೊಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ಆದ್ದರಿಂದ ಕಣ್ಣು ಮುಚ್ಚಬೇಡಿ, ಹಳಿ ಎತ್ತ ಹೋಗುತ್ತದೋ ಅತ್ತ ನೋಡಿ. ಇನ್ನೊಂದು ವಿಷಯ: ಕೋಸ್ಟರ್‌ಗಿಂತ ಒಂದೇ ಕಡೆ ಗಿರಗಿರ ತಿರುಗುವ ರೈಡುಗಳೇ ಹೆಚ್ಚು ವಾಂತಿ ತರಿಸುವುದು. ತೊಟ್ಟಿಲು ಆಗದವರಿಗೆ ಸಣ್ಣ ಕೋಸ್ಟರ್ ಆಗಬಹುದು. ಎರಡು ರೈಡಿನ ನಡುವೆ ಇಪ್ಪತ್ತು ನಿಮಿಷ ಬಿಡಿ. ಶುಂಠಿ ಚೂರು ಕೆಲವರಿಗೆ ಹಿತ. ಬಸ್ಸಿಗೆ ನುಂಗುವ ವಾಂತಿ ಮಾತ್ರೆ ನಿದ್ದೆ ತರಿಸುತ್ತದೆ. ಸಂಜೆ ವಾಹನ ಓಡಿಸುವವರು ನುಂಗಬಾರದು.

ಹೊಟ್ಟೆಯಲ್ಲಿ 'ಜುಂ' ಅನ್ನುವುದು ಮಾತ್ರ ಬೇರೆ. ಕೆಳಕ್ಕೆ ಬೀಳುವಾಗ ಕರುಳು, ಜಠರಗಳು ಒಂದರ ಮೇಲೊಂದು ಭಾರ ಬಿಡುವುದನ್ನು ನಿಲ್ಲಿಸುತ್ತವೆ, ಅಷ್ಟೇ. ಅದಕ್ಕೆ ಮದ್ದಿಲ್ಲ, ಅದಕ್ಕಾಗಿಯೇ ತಾನೆ ಜನ ದುಡ್ಡು ಕೊಡುವುದು.

ನೀರಿಗೆ ಇಳಿಯಲು ಹತ್ತಿ ಬಟ್ಟೆ ಬೇಡ ಎನ್ನುತ್ತಾರೆ. ಅಲ್ಲೇ ಮಾರಾಟ ಮಾಡಲು ಹೂಡಿದ ಆಟವೇ?
— ಕೋಲಾರ

ಸಂಶಯ ಸಹಜ, ಆದರೆ ನಿಯಮಕ್ಕೆ ಕಾರಣವಿದೆ. ಹತ್ತಿಯ ಎಳೆ ಬಿಡಿಬಿಡಿಯಾಗಿ ಉದುರಿ ಫಿಲ್ಟರ್ ಕಟ್ಟಿಸುತ್ತದೆ, ಬಣ್ಣ ಬಿಡುತ್ತದೆ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಜೀನ್ಸಿನ ಲೋಹದ ಗುಂಡಿ, ಜಿಪ್ಪುಗಳು ಫೈಬರ್ ಜಾರುಬಂಡೆಯನ್ನು ಗೀರುತ್ತವೆ. ಆ ಗೀರು ಮುಂದೆ ಬರುವವರ ಬೆನ್ನು ತರಚುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರಿನ ಬಟ್ಟೆಯನ್ನು ಊರಿಂದಲೇ ತನ್ನಿ, ಪೂರ್ತಿ ತೋಳಿನದಾದರೆ ಬಿಸಿಲಿಗೂ ಒಳ್ಳೆಯದು. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಒಂದು ಜೊತೆ ಒಣ ಒಳಉಡುಪು, ಟವೆಲ್ ಮರೆಯಬೇಡಿ. ಜಾರುಬಂಡೆಯಲ್ಲಿ ಅಂಗಾತ ಮಲಗಿ, ಪಾದದ ಗಂಟು ಒಂದರ ಮೇಲೊಂದು ಹಾಕಿ, ಕೈ ಎದೆಯ ಮೇಲೆ ಕಟ್ಟಿ. ಮೊಣಕೈ ಹರಡಿದವರ ಚರ್ಮ ಸುಲಿಯುತ್ತದೆ.

ಒಣ ರೈಡಿಗೆ ಬೇರೆ ಎಚ್ಚರ. ದುಪಟ್ಟಾ, ಶಾಲು, ಸೆರಗು ಯಾವುದೂ ಗಾಳಿಗೆ ಹಾರುವಂತಿರಬಾರದು. ಗೋ ಕಾರ್ಟ್‌ನಲ್ಲಂತೂ ದುಪಟ್ಟಾ, ಬಿಚ್ಚಿದ ಜಡೆ ಗಾಲಿಗೆ ಸಿಕ್ಕಿದರೆ ಪ್ರಾಣಕ್ಕೇ ಕುತ್ತು. ಜಡೆ ಹೆಣೆದು, ಮಡಚಿ, ಹೆಲ್ಮೆಟ್ ಒಳಗೆ ಸೇರಿಸಿ.

ನಮಗೆ ಬಿಡದಿಗಿಂತ ಮಹಾರಾಷ್ಟ್ರವೇ ಅನುಕೂಲ. ಇಮ್ಯಾಜಿಕಾದ ನೈಟ್ರೋ ಹೇಗೆ?
— ಬೆಳಗಾವಿ

ಇಮ್ಯಾಜಿಕಾ ಪಾರ್ಕ್ ಇರುವ ಖೋಪೋಲಿ ನಿಮಗೆ ನಾನೂರು ಕಿ.ಮೀ. ಮೇಲಾಗುತ್ತದೆ, ಪುಣೆಯಲ್ಲಿ ತಂಗಿ ಹೋಗುವುದು ವಾಸಿ. 2013ರಲ್ಲಿ ತೆರೆದ ಪಾರ್ಕ್ ಅದು. ಅಲ್ಲಿನ ನೈಟ್ರೋ ಕೋಸ್ಟರ್ ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಾಬಿಲಾರ್ಡ್ ಕಂಪನಿಯ ಕೆಲಸ: 40 ಮೀ. ಎತ್ತರ, ಐದು ಸಲ ತಲೆಕೆಳಗು, ಸುತ್ತುಹಳಿ. ಗಾಡಿಗೆ ತಳವಿಲ್ಲ. ಕುಳಿತು ಬೀಗ ಬಿದ್ದಮೇಲೆ ನಿಲ್ದಾಣದ ನೆಲವೇ ಸರಿದು ಕಾಲು ಗಾಳಿಯಲ್ಲಿ ತೂಗುತ್ತದೆ, ಆದ್ದರಿಂದ ಸಡಿಲ ಚಪ್ಪಲಿ ಬಿಚ್ಚಿಟ್ಟೇ ಹತ್ತಬೇಕು. ಈ ಕಂಪನಿಯ ಹಳಿಗಳ ನಯ ಹೆಸರುವಾಸಿ. ತಲೆ ಬಡಿಯುವ ಕಾಟಕ್ಕೆ ಹೆದರುವವರಿಗೆ ಬೂಮರಾಂಗ್‌ಗಿಂತ ಇದೇ ಮೇಲು ಎನ್ನುತ್ತೇವೆ.

ನಾವಿರುವುದು ಅಬುಧಾಬಿಯಲ್ಲಿ. ಉಡುಪಿಯಿಂದ ತಮ್ಮ ಬರುತ್ತಿದ್ದಾನೆ, ಫಾರ್ಮುಲಾ ರೋಸಾ ಹತ್ತಲೇಬೇಕಂತೆ. 240 ಕಿ.ಮೀ. ವೇಗ ಮೈ ತಡೆಯುತ್ತದೆಯೇ?
— ಅಬುಧಾಬಿ

ಮೈಗೆ ವೇಗ ಗೊತ್ತಾಗುವುದಿಲ್ಲ, ವೇಗ ಬದಲಾಗುವುದು ಗೊತ್ತಾಗುತ್ತದೆ. ವಿಮಾನ ಗಂಟೆಗೆ 800 ಕಿ.ಮೀ. ಹಾರುವಾಗ ನೀವು ಕಾಫಿ ಕುಡಿಯುತ್ತೀರಲ್ಲ. 2010ರಲ್ಲಿ ಯಾಸ್ ದ್ವೀಪದ ಫೆರಾರಿ ವರ್ಲ್ಡ್‌ನಲ್ಲಿ ಶುರುವಾದ ಈ ಕೋಸ್ಟರ್ 4.9 ಸೆಕೆಂಡಿನಲ್ಲಿ 240 ಮುಟ್ಟುತ್ತದೆ. ಲೆಕ್ಕ ಹಾಕಿದರೆ ಸರಾಸರಿ 1.4 ಜಿ, ನಮ್ಮ ಧಾರವಾಡದ ವಿದ್ಯಾರ್ಥಿನಿಯ ಲೂಪಿನ ಬುಡದ ಲೆಕ್ಕಕ್ಕಿಂತ ಎಷ್ಟೋ ಕಡಿಮೆ. ಇದರಲ್ಲಿ ತಲೆಕೆಳಗಾಗುವುದೂ ಇಲ್ಲ. ಏರಿನ ಸರಪಳಿಯ ಬದಲು ಹೈಡ್ರಾಲಿಕ್ ಒತ್ತಡದಲ್ಲಿ ಎಳೆದು ಚಿಮ್ಮಿಸುತ್ತಾರೆ, ವಿಮಾನವಾಹಕ ಹಡಗಿನಿಂದ ವಿಮಾನ ಹಾರಿಸಿದಂತೆ. ಹಳಿ ಎರಡು ಕಿ.ಮೀ. ದಾಟುತ್ತದೆ, ಅತಿ ಎತ್ತರ 52 ಮೀ.

ತೊಂದರೆ ಕೊಡುವುದು ಗಾಳಿ. ಆ ವೇಗದಲ್ಲಿ ಮರಳ ಕಣವೂ ಸೂಜಿ, ಆದ್ದರಿಂದ ಕೊಡುವ ಕನ್ನಡಕವನ್ನು ಎಲ್ಲರೂ ಹಾಕಲೇಬೇಕು. ಪಟ್ಟಿಯನ್ನು ತಲೆಗೆ ಬಿಗಿಯಾಗಿ ಎಳೆದುಕೊಳ್ಳಲಿ. ಪಾರ್ಕ್ ಸೂರಿನಡಿ ಇದ್ದರೂ ಈ ಹಳಿ ಹೊರಗಿದೆ. ಗಾಳಿ, ಮರಳು ಎದ್ದರೆ ಓಡಿಸುವುದಿಲ್ಲ. ಮಧ್ಯಾಹ್ನ ನೋಡೋಣ ಎಂದು ತಳ್ಳಬೇಡಿ, ಓಡುತ್ತಿದೆ ಎಂದು ಕಂಡ ಕೂಡಲೇ ಹತ್ತಿಬಿಡಿ.

ಎಂಟನೇ ತರಗತಿಯ 60 ಮಕ್ಕಳನ್ನು ಕರೆದೊಯ್ಯಬೇಕು. ಏನೇನು ಎಚ್ಚರ?
— ಶಿಕ್ಷಕರು, ತುಮಕೂರು

ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು, ನೀರಿನಲ್ಲಿ ಆರು ಮಕ್ಕಳಿಗೆ ಒಬ್ಬರು. ಒಂದು ವಾರ ಮುಂಚೆ ಎಲ್ಲರ ಎತ್ತರ ಅಳೆದು 140ರ ಮೇಲೆ, ಕೆಳಗೆ ಎಂದು ಎರಡು ಗುಂಪು ಮಾಡಿ. ಟಿಕೆಟ್ಟಿಗೂ ಆಗುತ್ತದೆ, ರೈಡಿಗೂ ಆಗುತ್ತದೆ. ಆಸ್ತಮಾ, ಮೂರ್ಛೆ ಇದ್ದವರ ವಿವರ ಪೋಷಕರಿಂದ ಬರಹದಲ್ಲಿ ತನ್ನಿ. ಕೃತಕ ಅಲೆಯ ಕೊಳದಲ್ಲಿ ಅಲೆ ಶುರುವಾಗುವ ಗಂಟೆ ಬಾರಿಸಿದಾಗ ಮಕ್ಕಳು ಸೊಂಟದಾಳ ದಾಟಬಾರದು, ಒಬ್ಬ ಶಿಕ್ಷಕರು ನೀರಿನ ಹೊರಗೆ ನಿಂತು ಬರೀ ತಲೆ ಎಣಿಸುತ್ತಿರಲಿ. ಎಣಿಕೆ ಗಂಟೆಗೊಮ್ಮೆ. ಊಟ ಹೊರಗಿನಿಂದ ಒಯ್ಯಲು ಬಿಡುವುದಿಲ್ಲ, ಗುಂಪಿನ ಊಟವನ್ನು ಮೊದಲೇ ಹೇಳಿಡಿ.

ದಸರಾ ವಸ್ತುಪ್ರದರ್ಶನದ ರೈಡುಗಳನ್ನು ಹತ್ತುವ ಮುನ್ನ ಏನು ನೋಡಬೇಕು?
— ಮೈಸೂರು

ಬಿಚ್ಚಿ ಕಟ್ಟುವ ರೈಡಿನಲ್ಲಿ ಜೀವ ಇರುವುದು ಪಿನ್ನುಗಳಲ್ಲಿ. ಕೂರುವ ತೊಟ್ಟಿಯ ಪಿನ್ನಿಗೆ ಕ್ಲಿಪ್ ಇದೆಯೇ, ಅಥವಾ ತಂತಿ ಸುತ್ತಿದ್ದಾರೆಯೇ ನೋಡಿ. ಕಾಲುಗಳ ಅಡಿ ಗಟ್ಟಿ ಹಲಗೆ ಇರಬೇಕು, ಇಟ್ಟಿಗೆ ಪೇರಿಸಿರಬಾರದು. ಮಳೆ ಬಿದ್ದ ಮೈದಾನದಲ್ಲಿ ಇದು ಮುಖ್ಯ. ಕೊಲಂಬಸ್ ದೋಣಿಯ ಅಡ್ಡಪಟ್ಟಿ ಎಲ್ಲರ ತೊಡೆಗೂ ತಾಗುತ್ತಿದೆಯೇ ಎಂದು ಗಮನಿಸಿ. ದಪ್ಪಗಿರುವವರ ಪಕ್ಕ ಸಣ್ಣ ಮಗುವನ್ನು ಕೂರಿಸಿದರೆ ಪಟ್ಟಿ ದೊಡ್ಡವರ ಹೊಟ್ಟೆಗೆ ನಿಲ್ಲುತ್ತದೆ, ಮಗುವಿಗೆ ಏನೂ ಇರುವುದಿಲ್ಲ. ಖಾಲಿಯಾಗಿ ಒಂದು ಸುತ್ತು ಓಡುವುದನ್ನು ನೋಡಿ, ಕಿರುಗುಟ್ಟುವ ಸದ್ದಿಗಿಂತ ತಾಳ ತಪ್ಪಿ 'ಧಡ್' ಎನ್ನುವ ಸದ್ದಿಗೆ ಹೆದರಿ.

ಚುಟುಕು

*ಬೈಕಿನಲ್ಲಿ ಬಿಡದಿಗೆ ಹೋಗಬಹುದೇ?* — ಹೋಗಬಹುದು, ಸರ್ವೀಸ್ ರಸ್ತೆಯಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್, ಆಟೋಗೆ ಪ್ರವೇಶವಿಲ್ಲ. ಮೆಟ್ರೋದಲ್ಲಿ ಬರುವವರು ನೇರಳೆ ಮಾರ್ಗದಲ್ಲಿ ಕೆಂಗೇರಿವರೆಗೆ ಬಂದು ಬಸ್ ಹಿಡಿಯಿರಿ.

*ಮಳೆ ಬಂದರೆ ದುಡ್ಡು ವಾಪಸೇ?* — ಟಿಕೆಟ್ಟಿನ ಷರತ್ತು ಓದಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ. ಎತ್ತರದ ರೈಡ್ ಬೆಳಿಗ್ಗೆಯೇ ಮುಗಿಸಲು ಇದೂ ಒಂದು ಕಾರಣ.

*ಮಧ್ಯಾಹ್ನ ಕೋಸ್ಟರ್ ಜೋರಾಗಿ ಓಡಿದಂತೆ ಅನಿಸುವುದು ಭ್ರಮೆಯೇ?* — ಅಲ್ಲ. ಬಿಸಿಲಿಗೆ ಗಾಲಿಯ ಗ್ರೀಸ್ ತೆಳುವಾಗುತ್ತದೆ.

*ದಪ್ಪ ಮೈಯವರನ್ನು ಇಳಿಸುತ್ತಾರೆ ಎಂಬ ಮುಜುಗರ.* — ಸರದಿಗೆ ಮುಂಚೆ ಮಾದರಿ ಸೀಟು ಇದೆಯೇ ಎಂದು ಕೇಳಿ. ಬೆನ್ನು ಒತ್ತಿ, ಉಸಿರು ಬಿಟ್ಟು, ಹಾರ್ನೆಸ್ ಎಳೆದುಕೊಂಡಾಗ ಬೀಗ ಬೀಳಬೇಕು. ತೂಕಕ್ಕಿಂತ ಎದೆಯ ಸುತ್ತಳತೆ ಅಡ್ಡಿಯಾಗುವುದೇ ಹೆಚ್ಚು.

*ಮೊಬೈಲಲ್ಲಿ ವಿಡಿಯೋ ಮಾಡಬಹುದೇ?* — ಇಲ್ಲ. ಮೇಲಿಂದ ಜಾರಿದ ಫೋನು ನಿಮ್ಮದು, ಅದು ಬೀಳುವ ತಲೆ ಇನ್ನೊಬ್ಬರದು.